ಬೇಜಾರು ಅಳೆಯುವ ನಮ್ಮ ಮಾಮ

ನನ್ನ ಸೋದರಮಾವನ ಹಾಗೆ ದುಃಖವನ್ನು ಸೆಕೆಂಡಿನ ಲೆಕ್ಕದಲ್ಲಿ ಅಳೆಯಬಲ್ಲವರು ಇಡೀ ಉಡುಪಿ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ! ಇದು ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಕಾರ್ಕಳದ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಹೇಳಿಕೊಡುವವಳು ನಾನು. ಹೆಚ್ಚು ಕಡಿಮೆ ಹೇಳಿದರೆ ನನ್ನ ಕೈಯೇ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತದೆ. ನೀವು ಯಾವುದೋ ಮದುವೆ ಹಾಲಿನಲ್ಲಿ ಊಟಕ್ಕೆ ಕರೆಯುವುದನ್ನೇ ಕಾಯುತ್ತಾ ಸುಮ್ಮನೆ ಕೂತಿದ್ದೀರಿ ಎಂದಿಟ್ಟುಕೊಳ್ಳಿ. ಎದುರಿನ ಸಾಲಿನಲ್ಲಿ ಬಿಳಿ ಅರ್ಧ ತೋಳಿನ ಅಂಗಿಯ, ಸಣಕಲು ಮೈಯ ಒಬ್ಬರು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದರೆ ಅವರೇ ನಮ್ಮ ಮಾಮ. ಆರು ನಿಮಿಷ ನೀವು ಅಲುಗಾಡದೆ ಕೂತಿರೋ, ಮುಗಿಯಿತು! ಎದ್ದು ಬಂದು ನಿಮ್ಮ ಭುಜ ಅಲ್ಲಾಡಿಸಿ, "ಎಂತ ಮಾರಾಯ್ರೆ, ಹುಷಾರುಂಟಲ್ವಾ?" ಎಂದು ಕೇಳಿಯೇ ಬಿಡುತ್ತಾರೆ. ಹಾಗೆ ಭುಜ ಅಲ್ಲಾಡಿಸಿಕೊಂಡವರಲ್ಲಿ ಇಬ್ಬರು ಪೊಲೀಸರು, ಧ್ಯಾನಕ್ಕೆ ಕೂತಿದ್ದ ಒಬ್ಬ ಸ್ವಾಮಿಗಳು, ಮತ್ತು ರಾತ್ರಿಯಿಡೀ ನಿದ್ದೆಗೆಟ್ಟು ಕುರ್ಚಿಯಲ್ಲೇ ತೂಕಡಿಸುತ್ತಿದ್ದ ಮದುಮಗಳ ಅಪ್ಪ ಸೇರಿದ್ದಾರೆ.

ಈ ಹುಚ್ಚು ಅವರಿಗೆ ಹತ್ತಿದ್ದು ಕೆಲಸದಿಂದ. ಮಾಮ ಮಣಿಪಾಲದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಇಲಿಗಳನ್ನು ನೋಡಿಕೊಂಡವರು. ಅಲ್ಲಿಗೆ ಕೇರಳದಿಂದ, ದಿಲ್ಲಿಯಿಂದ, ಅಸ್ಸಾಮಿನಿಂದೆಲ್ಲ ವಿದ್ಯಾರ್ಥಿಗಳು ಬರುತ್ತಾರೆ. ಒಬ್ಬೊಬ್ಬರೂ ಒಂದೊಂದು ಗಿಡ ಹಿಡಿದುಕೊಂಡು ಬರುತ್ತಾರೆ. ಎಲೆ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಸಿ, ಸತ್ವ ಇಳಿಸಿ, ಇಲಿಗೆ ಕುಡಿಸಿ, ಅದರ ಖಿನ್ನತೆ ಕಡಿಮೆಯಾಯಿತೋ ಇಲ್ಲವೋ ನೋಡುವುದು ಅವರ ಸಂಶೋಧನೆ. ಇಲಿಗೆ ಖಿನ್ನತೆ ಇದೆ ಎಂದು ತಿಳಿಯುವುದು ಹೇಗೆ? ನಾನೂ ಇದನ್ನೇ ಕೇಳಿದ್ದೆ. ಒಂದು ಗಾಜಿನ ಜಾಡಿಯಲ್ಲಿ ನೀರು ತುಂಬಿ ಇಲಿಯನ್ನು ಆರು ನಿಮಿಷ ಬಿಡುತ್ತಾರಂತೆ. ಮೊದಲು ಅದು ಸುತ್ತಲೂ ಈಜುತ್ತದೆ, ಗಾಜನ್ನು ಪರಚಿ ಹತ್ತಲು ನೋಡುತ್ತದೆ. ಆಮೇಲೆ ಸಾಕು ಎನಿಸಿ ಮೂಗು ಮಾತ್ರ ಮೇಲಿಟ್ಟು ಸುಮ್ಮನೆ ತೇಲುತ್ತದೆ. ಹಾಗೆ ಸುಮ್ಮನಿದ್ದ ಸೆಕೆಂಡುಗಳನ್ನು ಲೆಕ್ಕ ಹಾಕಬೇಕು. ಎಲೆಯ ಸತ್ವ ಕುಡಿದ ಇಲಿ ಕಡಿಮೆ ಹೊತ್ತು ಸುಮ್ಮನಿದ್ದರೆ ಆ ಎಲೆಯಲ್ಲಿ ಏನೋ ಉಂಟು ಎಂದರ್ಥ. ಆ ಸೆಕೆಂಡು ಎಣಿಸುವವರೇ ನಮ್ಮ ಮಾಮ. ಆರು ನಿಮಿಷ ಮುಗಿದ ಕೂಡಲೇ ಇಲಿಯನ್ನೆತ್ತಿ, ಮನೆಯಿಂದಲೇ ತಂದ ಬೈರಾಸಿನಲ್ಲಿ ಒರೆಸಿ, ಬಲ್ಬಿನ ಕೆಳಗಿಟ್ಟು ಮೈ ಬೆಚ್ಚಗೆ ಮಾಡುವವರೂ ಅವರೇ.

ಒಮ್ಮೆ ಒಬ್ಬ ವಿದ್ಯಾರ್ಥಿ ಪುಸ್ತಕದಲ್ಲಿ 'ಇಲಿ ನಿರಾಶೆಗೊಂಡಿದೆ' ಎಂದು ಬರೆದನಂತೆ. ಮಾಮ ಪೆನ್ನು ಕಿತ್ತುಕೊಂಡರು.

"ನಿರಾಶೆ ಅಂತ ನಿನಗೆ ಹೇಳಿದ್ದು ಯಾರು? ಇಲಿ ಹೇಳಿತಾ?"

"ಈಜುವುದು ಬಿಟ್ಟಿತಲ್ಲ ಸರ್."

"ಈಜಿ ಪ್ರಯೋಜನ ಇಲ್ಲ ಅಂತ ಅದಕ್ಕೆ ಗೊತ್ತಾಗಿದೆ. ಹೊತ್ತಾದರೆ ನಾನು ಎತ್ತುತ್ತೇನೆ ಅಂತಲೂ ಗೊತ್ತಾಗಿದೆ. ಅದು ಬುದ್ಧಿವಂತ ಇಲಿ! ನೀನಾದರೆ ಆರು ನಿಮಿಷವೂ ಕೈಕಾಲು ಬಡಿಯುತ್ತಿದ್ದೆ."

ಅವರ ಪ್ರೊಫೆಸರು ಇದನ್ನೆಲ್ಲ ಕೇಳಿ, "ಇನ್ನು ನನ್ನ ಬದಲು ಇವರನ್ನೇ ಗೈಡ್ ಮಾಡಿಕೊಳ್ಳಿ" ಎಂದು ಎದ್ದು ಹೋದರಂತೆ. ಮಾಮ ಅದನ್ನು ಹೊಗಳಿಕೆ ಎಂದೇ ತಿಳಿದು ಮನೆಗೆ ಬಂದು ನಮಗೆಲ್ಲ ಹೇಳಿದರು.

ಮಾಮನಿಗೆ ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತೀರಾ? ಆಗಬೇಕಿತ್ತು. ಕಾಪುವಿನ ಹತ್ತಿರ ಒಂದು ಒಳ್ಳೆಯ ಮನೆಯಲ್ಲಿ ಹೆಣ್ಣು ನೋಡಲು ನನ್ನ ಅಮ್ಮನೇ, ಅಂದರೆ ಅವರ ಅಕ್ಕನೇ, ಕರೆದುಕೊಂಡು ಹೋಗಿದ್ದರು. ಹುಡುಗಿ ಕಾಫಿ ಕೊಟ್ಟು, ರೂಢಿಯಂತೆ ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಳು. ಎಲ್ಲರೂ ಮಾಮನ ಮುಖ ನೋಡಿದರು. ಮಾಮ ಮೊಣಕಾಲ ಹಿಂದೆ ಕೈ ಮರೆಮಾಡಿ ಸ್ಟಾಪ್‌ವಾಚ್ ನೋಡುತ್ತಿದ್ದರು. ಕೊನೆಗೆ ಹುಡುಗಿಯ ತಂದೆ, "ಏನಾದರೂ ಕೇಳುವುದಿದ್ದರೆ ಕೇಳಿ" ಎಂದಾಗ ಮಾಮ ಗಂಭೀರವಾಗಿ, "ಹನ್ನೊಂದು ನಿಮಿಷದಿಂದ ಇವರು ಅಲುಗಾಡಲೇ ಇಲ್ಲ. ಇವರಿಗೆ ಈ ಸಂಬಂಧದಿಂದ ತುಂಬ ಬೇಜಾರಾದ ಹಾಗೆ ಕಾಣ್ತದೆ, ಒತ್ತಾಯ ಮಾಡಬೇಡಿ" ಎಂದುಬಿಟ್ಟರು! ಹುಡುಗಿ ತಲೆಯೆತ್ತಿ ಮಾಮನನ್ನು ನೋಡಿ, "ಇವರು ಹೇಳುವುದು ಸರಿ" ಎಂದಳಂತೆ. ಅವಳಿಗೆ ಬೇರೊಬ್ಬ ಹುಡುಗ ಮನಸ್ಸಿನಲ್ಲಿದ್ದ. ಅಮ್ಮ ದಾರಿಯುದ್ದಕ್ಕೂ ಬೈದರು. ಮಾಮ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಾ, "ಇಷ್ಟು ಸರಿಯಾದ ಫಲಿತಾಂಶ ಇಲಿಯಲ್ಲೂ ಬಂದಿರಲಿಲ್ಲ ಅಕ್ಕ" ಎಂದರಂತೆ.

(ಒಂದು ಮಾತು. ನಮ್ಮ ಮನೆಯಲ್ಲಿ ಇವೆಲ್ಲ ನಡೆದದ್ದು ತುಳುವಿನಲ್ಲಿ. ಓದುವವರಿಗಾಗಿ ಕನ್ನಡಕ್ಕೆ ತಂದಿದ್ದೇನೆ. ತುಳುವಿನಲ್ಲಿ ಅಮ್ಮ ಬೈದದ್ದರ ಅರ್ಧವನ್ನೂ ಇಲ್ಲಿ ಬರೆಯಲಿಕ್ಕಾಗುವುದಿಲ್ಲ!)

ಇಲಿಗಳ ನಂತರ ಅವರ ಪ್ರೀತಿ ಎಲೆಗಳ ಮೇಲೆ. ವಿದ್ಯಾರ್ಥಿಗಳಿಗೆ ಎಲೆ ತಂದುಕೊಡುವ ಕೆಲಸವನ್ನೂ ತಾವೇ ತಲೆಯ ಮೇಲೆ ಹಾಕಿಕೊಂಡರು. ಉಡುಪಿಯ ಮಾರುಕಟ್ಟೆಯಲ್ಲಿ ತಿಮರೆ, ಅಂದರೆ ಒಂದೆಲಗ, ಮಾರುವ ಹೆಂಗಸಿನ ಹತ್ತಿರ ಹೋಗಿ, "ಇದು ಯಾವ ಗದ್ದೆಯದ್ದು? ಬೆಳಿಗ್ಗೆ ಕೊಯ್ದದ್ದಾ, ಸಂಜೆ ಕೊಯ್ದದ್ದಾ? ಕೊಯ್ಯುವಾಗ ಹೂ ಇತ್ತಾ?" ಎಂದು ವಿಚಾರಣೆ ಮಾಡಿದರೆ ಅವಳು, "ನೀವು ಚಟ್ನಿ ಮಾಡುವುದಾ, ಜಾತಕ ಮಾಡುವುದಾ?" ಎಂದಳಂತೆ. ಕಡಲ ತೀರದ ಅಡುಂಬು ಬಳ್ಳಿಗಾಗಿ ಕಾಪುವಿಗೆ ಹೋದಾಗಲಂತೂ ದೊಡ್ಡ ಕಥೆಯೇ ಆಯಿತು. ದೀಪಸ್ತಂಭದ ಬಂಡೆಯ ಮೇಲೆ ಸಮುದ್ರ ನೋಡುತ್ತಾ ಒಂದು ಜೋಡಿ ಕೂತಿತ್ತು. ಸಮುದ್ರದ ಎದುರು ಹರೆಯದವರು ಮತ್ತೆ ಹೇಗೆ ಕೂರಬೇಕು? ಕುಣಿಯಬೇಕಾ? ಮಾಮ ಬಳ್ಳಿ ಕೊಯ್ಯುವುದನ್ನು ಬಿಟ್ಟು ಎಣಿಸತೊಡಗಿದರು. ಆರು ನಿಮಿಷ ಕಳೆದದ್ದೇ ಬಂಡೆ ಹತ್ತಿ ಹೋಗಿ ಇಬ್ಬರ ನಡುವೆ ಕೂತು, "ಜೀವನ ದೊಡ್ಡದುಂಟು ಮಕ್ಕಳೇ, ಹೀಗೆಲ್ಲ ಯೋಚನೆ ಮಾಡಬಾರದು" ಎಂದು ಶುರುಮಾಡಿದರು. ಹುಡುಗ ಹೆದರಿ ಎದ್ದೇ ಹೋದ. ಹುಡುಗಿ ಮಾತ್ರ ಅಲ್ಲೇ ಕೂತು ಅರ್ಧ ಗಂಟೆ ಅತ್ತಳು. ಅವಳ ಮನೆಯಲ್ಲಿ ನಿಜವಾಗಿಯೂ ಏನೋ ಕಷ್ಟವಿತ್ತಂತೆ. ಅಂದಿನಿಂದ ಮಾಮನಿಗೆ ತಮ್ಮ ವಿಧಾನದ ಮೇಲೆ ಎಲ್ಲಿಲ್ಲದ ನಂಬಿಕೆ ಬಂತು. ಅವರನ್ನು ತಡೆಯುವವರು ಯಾರೂ ಇರಲಿಲ್ಲ.

ನನ್ನ ಶಾಲೆಯನ್ನೂ ಬಿಡಲಿಲ್ಲ. ನಮ್ಮ ಆಟದ ಬಯಲಿನ ಅಂಚಿನಲ್ಲಿ ಮುಟ್ಟಿದರೆ ಮುನಿ ಗಿಡ ಧಾರಾಳ. ಒಂದು ದಿನ ಪಾಠ ಮಾಡುತ್ತಾ ಕಿಟಕಿಯಿಂದ ನೋಡಿದರೆ ನಮ್ಮ ಮಾಮ ಬಿಸಿಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಎಲೆಯನ್ನು ಮುಟ್ಟುತ್ತಾ, ಅದು ಮುಚ್ಚಿ ಮತ್ತೆ ಅರಳುವ ಹೊತ್ತನ್ನು ಎಣಿಸುತ್ತಿದ್ದಾರೆ! ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, "ಟೀಚರ್, ಆ ಜನ ಒಂದು ಗಂಟೆಯಿಂದ ಹುಲ್ಲಿನ ಹತ್ತಿರ ಮಾತಾಡ್ತಿದ್ದಾರೆ, ನಿಮಗೆ ಗುರುತುಂಟಾ?" ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಅವತ್ತು ಶಾಲೆಗೆ ಇನ್‌ಸ್ಪೆಕ್ಟರು ಬಂದಿದ್ದರು, ನಾನೇನು ಮಾಡಲಿ?

ಇಂಥ ಮಾಮ ಎರಡು ವರ್ಷದ ಹಿಂದೆ ನಿವೃತ್ತರಾದರು. ಅವರ ಜಾಗಕ್ಕೆ ಮನುಷ್ಯರು ಬರಲಿಲ್ಲ, ಕ್ಯಾಮೆರಾ ಬಂತು. ಜಾಡಿಯ ಮೇಲೆ ಕ್ಯಾಮೆರಾ ಇಟ್ಟರೆ ಇಲಿ ಎಷ್ಟು ಸೆಕೆಂಡು ಸುಮ್ಮನಿತ್ತೆಂದು ಕಂಪ್ಯೂಟರೇ ಬರೆದುಕೊಳ್ಳುತ್ತದಂತೆ. "ಒಳ್ಳೆಯದೇ ಆಯಿತು, ಅದಕ್ಕೆ ಕಣ್ಣು ಉರಿಯುವುದಿಲ್ಲ" ಎಂದರು ಮಾಮ. ಆಮೇಲೆ, "ಆದರೆ ಅದು ಇಲಿಯನ್ನು ಒರೆಸುವುದಿಲ್ಲ" ಎಂದರು.

ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇದ್ದರು. ಮತ್ತೆ ಫೋನು ಎತ್ತುವುದು ಕಡಿಮೆಯಾಯಿತು. ಎತ್ತಿದರೂ "ಹೂಂ", "ಆಯಿತು", ಅಷ್ಟೇ. ಒಂದು ಮದುವೆಯಲ್ಲಿ ಸಿಕ್ಕಿದಾಗ ನೋಡುತ್ತೇನೆ, ಅಂಗಿ ಮೈಮೇಲೆ ಜೋಲುತ್ತಿದೆ, ಕೈಯಲ್ಲಿ ಸ್ಟಾಪ್‌ವಾಚ್ ಇಲ್ಲ! ಯಾರ ಭುಜವನ್ನೂ ಅಲ್ಲಾಡಿಸಲಿಲ್ಲ. ಊಟಕ್ಕೂ ಏಳಲಿಲ್ಲ. ನೆಂಟರೆಲ್ಲ ಒಬ್ಬೊಬ್ಬರೂ ಒಂದೊಂದು ಹೇಳಿದರು. ಹೊತ್ತು ಹೋಗುವುದಿಲ್ಲ ಅಷ್ಟೇ, ಯೋಗಕ್ಕೆ ಸೇರಲಿ, ಒಂದು ನಾಯಿ ಸಾಕಲಿ, ಕಾಶಿಗೆ ಹೋಗಿಬರಲಿ. ನನಗೆ ಹೆದರಿಕೆಯಾಯಿತು. ಅಮ್ಮ ಹೋಗಿ ಐದು ವರ್ಷವಾಗಿದೆ. ನನಗೆ ಮದುವೆಯಾಗಿಲ್ಲ. 'ನನ್ನವರು' ಎಂದು ಬೆರಳು ಮಡಚಿದರೆ ಉಳಿಯುವುದು ಮಾಮ ಒಬ್ಬರೇ.

"ಮಾಮ, ಡಾಕ್ಟರಿಗೆ ತೋರಿಸುವ. ನಿಮ್ಮ ಮನೆಯಿಂದ ಕಾಲೇಜಿನ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ."

"ಅಲ್ಲಿ ಎಲ್ಲರಿಗೂ ನನ್ನ ಗುರುತುಂಟು ಮಾರಾಯ್ತಿ. ಮೂವತ್ತೊಂದು ವರ್ಷ ಬೇಜಾರಿನ ಔಷಧ ಹುಡುಕಿದವ ಬೇಜಾರಿನ ಸಾಲಿನಲ್ಲಿ ಕೂತರೆ ಎಂತ ಹೇಳ್ಲಿಕ್ಕಿಲ್ಲ?"

"ಹೇಳಿದರೆ ಹೇಳಲಿ."

"ಎಲೆಗಳುಂಟಲ್ಲ. ನನಗೆ ನಾನೇ ಪ್ರಯೋಗ ಮಾಡಿಕೊಳ್ತೇನೆ."

ಇಲಿಗೆ ಕೊಟ್ಟ ಎಲೆ ಬೇರೆ, ಮನುಷ್ಯರ ಕಾಯಿಲೆ ಬೇರೆ, ಎಷ್ಟೋ ಎಲೆ ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತಿದೆ ಎಂದು ನನಗೆ ಹೇಳಿಕೊಟ್ಟದ್ದೇ ಅವರು! ಅದನ್ನೇ ಅವರಿಗೆ ಹೇಳಿದೆ. ಜಗಳವಾಯಿತು. ಕೊನೆಗೆ ಒಂದು ರಾಜಿಯಾಯಿತು. ಮೂರು ತಿಂಗಳು ಪ್ರಯೋಗ. ಪ್ರತಿ ವಾರ ಅವರ ಬೇಜಾರಿಗೆ ಮೂವತ್ತರಲ್ಲಿ ಅಂಕ. ಹೆಚ್ಚು ಅಂಕ ಎಂದರೆ ಹೆಚ್ಚು ಬೇಜಾರು. ಯಾವುದೇ ವಾರ ಹದಿನೈದು ದಾಟಿದರೆ ಮಾತಿಲ್ಲದೆ ನನ್ನ ಜೊತೆ ಡಾಕ್ಟರಲ್ಲಿಗೆ ಬರಬೇಕು. ದಾಟದಿದ್ದರೆ ನಾನು ಬಾಯಿ ಮುಚ್ಚಬೇಕು. ಅಂಕ ಹಾಕುವವಳು ನಾನು, ಶಾಲೆಗೆ ರಜೆ ಇರುವ ಭಾನುವಾರ.

ನಿಯಮಗಳು ಒಂದೆರಡಲ್ಲ! ಯಾವ ವಾರ ಯಾವ ಎಲೆ ಎಂದು ಮಾಮನಿಗೂ ಗೊತ್ತಾಗಬಾರದು, ನನಗೂ ಗೊತ್ತಾಗಬಾರದು. ಗೊತ್ತಾದರೆ ಮನಸ್ಸು ಮೋಸ ಮಾಡುತ್ತದಂತೆ. ಅದಕ್ಕಾಗಿ ಮಾಮ ತಮ್ಮ ಕೆಳಗಿನ ಮನೆಯ ಆಯಿಶಮ್ಮನನ್ನು ಹಿಡಿದರು. ಆಕೆಯ ಗಂಡ ದುಬೈಯಲ್ಲಿ, ಮಕ್ಕಳಿಬ್ಬರೂ ಹಾಸ್ಟೆಲಿನಲ್ಲಿ. ಐದು ಡಬ್ಬಿಯಲ್ಲಿ ಒಣ ಎಲೆಯ ಪುಡಿ, ಹೋಲಿಸಿ ನೋಡಲು ಒಂದರಲ್ಲಿ ಬರೀ ಚಾಪುಡಿ. ಆಯಿಶಮ್ಮ ವಾರಕ್ಕೊಂದು ಚೀಟಿ ಎತ್ತಿ, ಬಂದ ಡಬ್ಬಿಯಿಂದ ಪ್ರತಿದಿನ ಕಷಾಯ ಕುದಿಸಿ, ಮುಚ್ಚಿದ ಲೋಟದಲ್ಲಿ ಮಾಮನ ಬಾಗಿಲಲ್ಲಿಡಬೇಕು. ರುಚಿ ತಿಳಿಯದಿರಲೆಂದು ಎಲ್ಲದಕ್ಕೂ ಶುಂಠಿ, ಕಾಳುಮೆಣಸು, ಬೆಲ್ಲ.

"ಟೀಚರೇ," ಎಂದು ಆಯಿಶಮ್ಮ ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದ್ದರು, "ಇವರಿಗೆ ಇದೆಲ್ಲ ಯಾಕೆ? ಒಂದು ಪ್ಲೇಟು ಬಿರಿಯಾನಿ ತಿಂದು ನಾಲ್ಕು ಜನರ ಹತ್ತಿರ ಮಾತಾಡಿದರೆ ಆಗುವುದಿಲ್ವಾ?"

"ಬಿರಿಯಾನಿ ಇಲಿಯಲ್ಲಿ ಪರೀಕ್ಷೆಯಾಗಿಲ್ಲವಂತೆ ಆಯಿಶಮ್ಮ."

"ನಮ್ಮ ಮನೆಯ ಇಲಿ ತಿಂದಿದೆ. ಚೆನ್ನಾಗಿಯೇ ಉಂಟು!"

ಅಂಕದ ಹಾಳೆಯನ್ನು ಮಾಮನೇ ತಯಾರಿಸಿದ್ದರು. ನಾನು ಪ್ರಶ್ನೆ ಕೇಳುವ ಹಾಗಿಲ್ಲ, ಬರೀ ನೋಡಬೇಕು. "ಇಲಿಗೆ ಯಾರಾದರೂ ಪ್ರಶ್ನೆ ಕೇಳ್ತಾರಾ?" ಎನ್ನುವುದು ಅವರ ವಾದ. ಗಡ್ಡ ತೆಗೆದಿದ್ದಾರಾ? ಬಟ್ಟೆ ಶುಭ್ರವಾಗಿದೆಯಾ? ಎಷ್ಟು ತಿಂದರು? ಎಷ್ಟು ಸಲ ನಕ್ಕರು? ಅಲುಗಾಡದೆ ಎಷ್ಟು ಹೊತ್ತು ಕೂತರು? ಹೀಗೆ ಹತ್ತು ಕಲಮು, ಒಂದೊಂದಕ್ಕೆ ಸೊನ್ನೆಯಿಂದ ಮೂರು.

ಪ್ರತಿ ಭಾನುವಾರ ನಾನು ಕಾರ್ಕಳದಿಂದ ಮೊದಲ ಬಸ್ಸಿಗೆ ಹೊರಡುತ್ತಿದ್ದೆ. ಇರುವ ಒಂದು ರಜೆಯೂ ಹೋಯಿತಲ್ಲ ಎಂದು ಸ್ಟಾಫ್ ರೂಮಿನಲ್ಲಿ ಗೊಣಗುತ್ತಿದ್ದೆ. ರಜೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆ ಎಂದು ಮಾತ್ರ ಕೇಳಬೇಡಿ. ಮಣಿಪಾಲದಲ್ಲಿ ಮೆಟ್ಟಿಲು ಹತ್ತುವಾಗಲೇ ಒಗ್ಗರಣೆಯ ಪರಿಮಳ. ಮಾಮ ನುಣ್ಣಗೆ ಗಡ್ಡ ತೆಗೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ನೀರುದೋಸೆ ಹೊಯ್ಯುತ್ತಾ ನಿಂತಿರುತ್ತಿದ್ದರು. ನೆಲ ಕನ್ನಡಿ. ಬಸಳೆಯ ಗಸಿ, ಬಂಗುಡೆ ಸಾರು, ಮೇಲೆ ಒಂದು ಪಾಯಸ. ನಾನು ಹಾಳೆ ಹಿಡಿದು ಎದುರಿಗೆ ಕೂರುತ್ತಿದ್ದೆ.

"ಈಗ ನಕ್ಕೆ, ಬರೆದುಕೊಂಡೆಯಾ?"

"ಅದು ಸುಳ್ಳು ನಗು ಮಾಮ. ಲೆಕ್ಕಕ್ಕಿಲ್ಲ."

"ಸುಳ್ಳು ಅಂತ ನಿನಗೆ ಹೇಗೆ ಗೊತ್ತು?"

"ನಾನು ಹೇಳಿದ್ದರಲ್ಲಿ ನಗುವಂಥದು ಎಂಥದೂ ಇರಲಿಲ್ಲ."

ಇದಕ್ಕೆ ಅವರು ನಿಜವಾಗಿಯೂ ನಕ್ಕುಬಿಡುತ್ತಿದ್ದರು. ನಾನು ಒಂದು ಗೆರೆ ಹಾಕುತ್ತಿದ್ದೆ. ಸಂಜೆಯ ತನಕ ಹಳೆಯ ಇಲಿಗಳ ಕಥೆ, ಅಮ್ಮನ ಬೈಗುಳದ ಕಥೆ. ಮೊದಲ ವಾರ ಐದು ಅಂಕ. ಆಮೇಲೆ ನಾಲ್ಕು, ನಾಲ್ಕು, ಮೂರು. ಹತ್ತು ವಾರ ಕಳೆದರೂ ಐದು ದಾಟಲಿಲ್ಲ. ನನಗೆ ಎಷ್ಟು ಹೆಮ್ಮೆ! ನೆಂಟರಿಗೆಲ್ಲ ಫೋನು ಮಾಡಿ ಹೇಳಿದೆ. ಡಾಕ್ಟರ ಮಾತು ಬಿಟ್ಟೆ. ಸಂಜೆಯ ಬಸ್ಸು ಹಿಡಿದು ಕಾರ್ಕಳಕ್ಕೆ ಬಂದು ಬಾಗಿಲು ತೆಗೆದರೆ ಬೆಳಿಗ್ಗೆ ನಾನೇ ಆರಿಸಿ ಹೋದ ಫ್ಯಾನು, ನಾನೇ ಮಡಚಿಟ್ಟ ಪೇಪರು. ಸೋಮವಾರದಿಂದ ಮತ್ತೆ ಭಾನುವಾರಕ್ಕೆ ಎಷ್ಟು ದಿನ ಎಂದು ಎಣಿಸುತ್ತಿದ್ದೆ. ಮಾಮನ ಕಾಯಿಲೆಯ ಚಿಂತೆಯಿಂದ ಹಾಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹತ್ತನೆಯ ವಾರ ಮಾಮ ಅಂಕಗಳನ್ನೆಲ್ಲ ಸಾಲಾಗಿ ಬರೆದು ನೋಡುತ್ತಾ, "ತಿಮರೆಗೂ ಇಷ್ಟೇ, ಅಡುಂಬಿಗೂ ಇಷ್ಟೇ, ಚಾಪುಡಿಗೂ ಇಷ್ಟೇ ಇರಬೇಕು. ಎಲ್ಲದಕ್ಕೂ ಒಂದೇ ಫಲಿತಾಂಶ ಬಂದರೆ ಪ್ರಯೋಗದಲ್ಲೇ ಏನೋ ತಪ್ಪುಂಟು" ಎಂದರು.

"ತಪ್ಪೆಂತ ಮಾಮ? ನಮ್ಮ ಮಣ್ಣಿನ ಗುಣ, ಎಲ್ಲ ಎಲೆಯೂ ಕೆಲಸ ಮಾಡ್ತದೆ!" ಎಂದೆ, ದೊಡ್ಡ ಜಾಣೆಯ ಹಾಗೆ.

ಮಾಮ ಹಾಳೆ ಮಡಚಿ ಒಳಗಿಟ್ಟು ಪಾಯಸ ಬಡಿಸಿದರು.

ಅದು ಆಗಸ್ಟ್ ತಿಂಗಳು. ನಮ್ಮ ಕಡೆ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಬೆಳಿಗ್ಗೆ ಶಾಲೆಗಳಿಗೆ ರಜೆ ಸಾರುತ್ತಾರೆ. ಒಂದು ಬುಧವಾರ ಸೀರೆ ಉಟ್ಟು ಹೊರಟವಳ ಫೋನಿಗೆ ರಜೆಯ ಸುದ್ದಿ ಬಂತು. ಇಡೀ ದಿನ ಮನೆಯಲ್ಲಿ ಕೂತು ಏನು ಮಾಡುವುದು? ಮಾಮನಿಗೆ ಆಶ್ಚರ್ಯವಾಗಲಿ ಎಂದು ಫೋನೂ ಮಾಡದೆ ಬಸ್ಸು ಹತ್ತಿದೆ. ದಾರಿಯಲ್ಲಿ ಒಂದು ಮರ ಬಿದ್ದು ತಡವಾಗಿ, ಮಣಿಪಾಲ ಮುಟ್ಟುವಾಗ ಹನ್ನೊಂದಾಗಿತ್ತು. ಮೆಟ್ಟಿಲಲ್ಲಿ ಆಯಿಶಮ್ಮ ಸಿಕ್ಕಿದರು. ಕೈಯಲ್ಲಿ ಮುಚ್ಚಿದ ಲೋಟ.

"ನೀವಾ? ಇವತ್ತು?" ಎಂದು ನಿಂತೇಬಿಟ್ಟರು. "ಬೆಲ್ ಮಾಡಿದರೆ ತೆಗೆಯುವುದಿಲ್ಲ ಟೀಚರೇ. ಬೀಗದ ಕೈ ನನ್ನ ಹತ್ತಿರ ಒಂದುಂಟು, ತರ್ತೇನೆ."

"ತೆಗೆಯುವುದಿಲ್ಲ ಅಂದರೆ?"

"ನಿಮಗೆ ಗೊತ್ತಿಲ್ವಾ? ಭಾನುವಾರ ಸಂಜೆ ನೀವು ಹೋದ ಮೇಲೆ ಮಲಗಿದರೆ ಶನಿವಾರವೇ ಏಳುವುದು. ಶನಿವಾರ ಗುಡಿಸ್ತಾರೆ, ಒರೆಸ್ತಾರೆ, ಮಾರ್ಕೆಟಿಗೆ ಹೋಗ್ತಾರೆ. ನಾನು ದಿನಾ ಬಾಗಿಲು ಬಡಿದು ಎಚ್ಚರ ಉಂಟಾ ನೋಡ್ತೇನೆ. ನೀವು ಬರುವುದೇ ಅದಕ್ಕೆ ಅಂತ ನಾನು ಗ್ರಹಿಸಿದ್ದು."

ಬಾಗಿಲ ಬಳಿ ಸೋಮವಾರದ ಲೋಟವೂ ಮಂಗಳವಾರದ ಲೋಟವೂ ಮುಚ್ಚಿದ ಹಾಗೆಯೇ ಇದ್ದವು. ಆಯಿಶಮ್ಮ ಅವುಗಳ ಪಕ್ಕದಲ್ಲೇ ಬುಧವಾರದ್ದನ್ನೂ ಇಟ್ಟು ಬೀಗದ ಕೈ ತರಲು ಇಳಿದು ಹೋದರು.

ಒಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಭಾನುವಾರದ ಪಾಯಸದ ಪಾತ್ರೆ ಮೇಜಿನ ಮೇಲೆ ಹುಳಿಯಾಗಿ ಕೂತಿತ್ತು. ಮಾಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆಯಿರಲಿಲ್ಲ, ಕಣ್ಣು ತೆರೆದಿತ್ತು. ಭಾನುವಾರ ಹಾಕಿದ್ದ ಅದೇ ಅಂಗಿ. ಗಲ್ಲದ ತುಂಬ ಬಿಳಿ ಕುರುಚಲು ಗಡ್ಡ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಎಷ್ಟು ಹೊತ್ತು ನೋಡಿದೆನೋ, ಅವರು ಅಲುಗಾಡಲಿಲ್ಲ. ಅಭ್ಯಾಸಬಲ ನೋಡಿ, ಮನಸ್ಸಿನಲ್ಲೇ ಅಂಕ ಹಾಕಿಬಿಟ್ಟೆ. ಗಡ್ಡಕ್ಕೆ ಮೂರು. ಬಟ್ಟೆಗೆ ಮೂರು. ಊಟಕ್ಕೆ ಮೂರು. ಕೂಡಿಸುತ್ತಾ ಹೋದರೆ ಮೂವತ್ತಕ್ಕೆ ಇಪ್ಪತ್ತೊಂಬತ್ತು. ಗಣಿತದ ಟೀಚರಂತೆ ನಾನು! ವಾರದ ಏಳು ದಿನಗಳಲ್ಲಿ ಒಂದೇ ದಿನವನ್ನು, ಅದೂ ನಾನು ಬರುವ ದಿನವನ್ನೇ ಅಳೆದು, ಮಾಮ ಗುಣವಾದರು ಎಂದು ಊರಿಗೆಲ್ಲ ಸಾರಿದ್ದೆ.

"ಮಾಮ."

ಅವರು ತಟಕ್ಕನೆ ತಿರುಗಿದರು. ನನ್ನನ್ನು ಕಂಡು ಗಾಬರಿಯಾಗಿ ಏಳಲು ಹೋದರು.

"ಇವತ್ತು ಭಾನುವಾರವಾ? ಅಯ್ಯೋ, ನಾನು ಎಂತದೂ ಮಾಡಿಲ್ಲ. ಮೀನೂ ತರಲಿಲ್ಲ. ಒಂದು ಗಳಿಗೆ ಹೊರಗೆ ಕೂತುಕೋ, ಗಡ್ಡ ತೆಗೆದು ಬರ್ತೇನೆ."

"ಬುಧವಾರ ಮಾಮ. ಮಳೆಗೆ ರಜೆ ಕೊಟ್ಟರು."

ಅವರು ಹಾಗೆಯೇ ಮಂಚದ ಅಂಚಿನಲ್ಲಿ ಕೂತರು. ಹೊರಗೆ ಮಳೆ ಸುರಿಯುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ತಪ್ಪು ಎಲ್ಲಿ ಅಂತ ನಿಮಗೆ ಗೊತ್ತಿತ್ತಲ್ವಾ?" ಎಂದೆ.

"ಗೊತ್ತಿತ್ತು. ಬೇರೆ ದಿನವೂ ಅಳೆಯಬೇಕಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಬೇರೆ ದಿನದ್ದು ನೋಡಿದರೆ ನೀನು ಹೆದರ್ತಿ ಅಂತ. ನಿನಗೂ ಯಾರಿದ್ದಾರೆ?"

ನನಗೆ ಅಳು ತಡೆಯಲಾಗಲಿಲ್ಲ. ಅಮ್ಮ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಮಾಮ ನನ್ನ ಬೆನ್ನು ಸವರುತ್ತಾ, "ಅಂಕ ಎಷ್ಟು ಬಂತು?" ಎಂದು ಕೇಳಿದರು. ಇಪ್ಪತ್ತೊಂಬತ್ತು ಎಂದೆ. "ಹಾಗಾದರೆ ಮಾತು ಮಾತೇ, ಹೋಗುವ" ಎಂದು ತಾವೇ ಎದ್ದರು. ಗಡ್ಡ ತೆಗೆಯಬೇಡಿ ಎಂದೆ. ಅಂಗಿ ಮಾತ್ರ ಬದಲಾಯಿಸಿದರು. ಆಯಿಶಮ್ಮ ಎರಡು ದೊಡ್ಡ ಕೊಡೆ ತಂದುಕೊಟ್ಟು ಆಟೋ ಕರೆದರು.

ಆಸ್ಪತ್ರೆಯಲ್ಲಿ ಮಾಮ ಹೆದರಿದ ಹಾಗೆ ಯಾರೂ ಏನೂ ಹೇಳಲಿಲ್ಲ. ಸಾಲಿನಲ್ಲಿ ಕೂತಿದ್ದಾಗ ಹಳೆಯ ಪರಿಚಯದ ಒಬ್ಬರು ಕಂಡರು, ಕೈಯೆತ್ತಿ ಮುಗುಳ್ನಕ್ಕು ಮುಂದೆ ಹೋದರು, ಅಷ್ಟೇ. ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಅವಸರ ಮಾಡಲಿಲ್ಲ. ನಿದ್ದೆ, ಊಟ, ಬರುವ ಯೋಚನೆಗಳು, ಎಲ್ಲವನ್ನೂ ಒಂದೊಂದಾಗಿ ಕೇಳಿದರು. ಮಾಮ ಒಂದನ್ನೂ ಮುಚ್ಚಿಡಲಿಲ್ಲ. ಅವರು ಹೇಳಿದ ಕೆಲವು ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಪೇಷಂಟಿನ ಜೊತೆ ಬಂದವಳು ಹೇಗಿರಬೇಕೋ ಹಾಗೆ ನಾನು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದೆ.

"ಗುಣವಾಗ್ತದೆ. ಮದ್ದು ಬಿಡದೆ ತಗೊಳ್ಳಬೇಕು, ಆಗಾಗ ಬಂದು ಮಾತಾಡಬೇಕು" ಎಂದರು ಡಾಕ್ಟರು. "ಮನೆಯಲ್ಲಿ ನಿಮ್ಮ ಜೊತೆ ಯಾರಿರ್ತಾರೆ?"

"ಇವಳು ಬರ್ತಾಳೆ, ನನ್ನ ಅಕ್ಕನ ಮಗಳು. ಭಾನುವಾರ."

"ಬೇರೆ ದಿನ?"

"ಬೇರೆ ದಿನವೂ ನಾನೇ ಇರ್ತೇನೆ ಡಾಕ್ಟ್ರೇ" ಎಂದೆ.

ಮಾಮ ತಿರುಗಿ ನನ್ನನ್ನು ನೋಡಿದರು. "ನಿನ್ನ ಶಾಲೆ? ಕಾರ್ಕಳದ ಮನೆ?"

"ಶಾಲೆಗೆ ಬಸ್ಸುಂಟು. ಆ ಮನೆಯಲ್ಲಿ ನಾನು ಒಬ್ಬಳೇ ಎಂತ ಮಾಡುವುದು ಮಾಮ? ನನಗೂ ಬೇಜಾರಾಗ್ತದೆ. ತುಂಬ ಬೇಜಾರಾಗ್ತದೆ."

ಈ ಮಾತನ್ನು ನಾನು ಅದುವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ, "ನೀವೂ ಕೂತುಕೊಳ್ಳಿ" ಎಂದರು. ಮಾಮ ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಒದ್ದೆ ಕೊಡೆಗಳನ್ನು ನೆಲಕ್ಕಿಳಿಸಿ, ಕುರ್ಚಿಯನ್ನು ತಮ್ಮ ಕರವಸ್ತ್ರದಿಂದ ಒರೆಸಿದರು. ನಾನು ಕೂತೆ.